ಬಿ.ಎ. ಕುರ್ಚಿ

ಎರಡನೆಯ ಮಹಾಯುದ್ಧಕ್ಕೆ ಮುಂಚೆ ನಾಲ್ಕು ವರ್ಷ ನಾನು ಹುಣಸೂರಿನಿಂದ ಮೈಸೂರಿಗೆ ಬಿ.ಎ. ಹುಡುಕಿಕೊಂಡು ಹೋಗಿದ್ದೇನೆ. ಪಾಸು ಮಾಡಲು ಅಲ್ಲ. ನಾನು ಓದಿದ್ದು ಲೋಯರ್ ಸೆಕೆಂಡರಿವರೆಗೆ, ಅದೂ ಎರಡನೆಯ ಪ್ರಯತ್ನಕ್ಕೆ. ಪಾಸು ಮಾಡಿದವರೊಬ್ಬರನ್ನು ಒಪ್ಪಿಸಿ ನಮ್ಮ ಗಾಡಿ ಕಾರ್ಖಾನೆಗೆ ಕರೆತರಲು. ಹೆಣ್ಣು ಕೇಳಲು ಹೊರಟವನ ಹಾಗೆ ಮಡಿ ಪಂಚೆ ಉಟ್ಟು, ಕೋಟು ತೊಟ್ಟು, ರುಮಾಲು ಸುತ್ತಿ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಕಾಲೇಜಿನ ಹಾಸ್ಟೆಲಿನ ಗೇಟಿನಲ್ಲಿ ನಿಲ್ಲುತ್ತಿದ್ದೆ.

"ಯಾರ ಮದುವೆ ಮಾತಾಡೋಕೆ ಬಂದಿದ್ದೀರಿ ಯಜಮಾನ್ರೇ?" ಎಂದು ಹುಡುಗರು ನಗುತ್ತಿದ್ದರು.

ಹುಣಸೂರಿನಲ್ಲಿ ಕೆಲಸ ಇದೆ ಅಂದರೆ ಇನ್ನೂ ಜೋರಾಗಿ ನಗುತ್ತಿದ್ದರು. ಅವರ ಪ್ರಕಾರ ಹುಣಸೂರಿನಲ್ಲಿ ಚಳಿಜ್ವರ, ಅದರಾಚೆ ಕಾಡು, ಕಾಡಿನಾಚೆ ಏನೂ ಇಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮೂರಲ್ಲಿ ಅಂಚೆ ಕಚೇರಿ ಇದೆ, ಆಸ್ಪತ್ರೆ ಇದೆ, ಹೊಳೆ ಇದೆ, ದಿನಾ ಬಸ್ಸು ಇದೆ ಎಂದು ಬೆರಳು ಮಡಿಸುತ್ತಾ ಹೋಗುತ್ತಿದ್ದೆ. ನಾಲ್ಕನೆಯ ಬೆರಳು ಮಡಿಸುವಷ್ಟರಲ್ಲಿ ಎದುರಿಗಿದ್ದವನು ಕಾಫಿಗೆ ಹೋಗಿರುತ್ತಿದ್ದ. ಅವರಿಗೆಲ್ಲ ಬೇಕಾದದ್ದು ಸರ್ಕಾರದ ಕೆಲಸ, ಅದೂ ಮೈಸೂರಿನಲ್ಲೋ ಬೆಂಗಳೂರಿನಲ್ಲೋ ಫ್ಯಾನಿನ ಕೆಳಗೆ.

ನಮ್ಮ ಕಾರ್ಖಾನೆಯೆಂದರೆ ಲಕ್ಷ್ಮಣತೀರ್ಥ ಹೊಳೆಗೆ ಹತ್ತಿರ ಒಂದು ದೊಡ್ಡ ಅಂಗಳ, ಎರಡು ಹೆಂಚಿನ ಕೊಟ್ಟಿಗೆ, ಒಂದು ಕುಲುಮೆ. ಯಜಮಾನರು ಊರಿನ ಹಳೆಯ ಮುಸಲ್ಮಾನ ಮನೆತನದವರು. ಊರಿಗೆಲ್ಲ ಅವರು ಸಾಹೇಬರು. ಹೆಗ್ಗಡದೇವನಕೋಟೆಯ ಕಾಡಿನ ಮರ ನಮ್ಮಲ್ಲಿಗೆ ಬರುತ್ತಿತ್ತು. ಎತ್ತಿನ ಗಾಡಿಯಾಗಿ ಪಿರಿಯಾಪಟ್ಟಣ, ಕೊಪ್ಪ ದಾಟಿ ಕೊಡಗಿನ ಕಾಫಿ ತೋಟಗಳಿಗೆ ಹೋಗುತ್ತಿತ್ತು. ಬಡಗಿಗಳಿಗೆ ಹಿರಿಯನಾಗಿ ಒಬ್ಬ ಆಚಾರಿ ಇದ್ದ. ಕುಲುಮೆ ಸಾಹೇಬರ ಸಂಬಂಧಿಕರದು. ಹನ್ನೆರಡು ಒಲೆ ಉರಿಯುತ್ತಿದ್ದದ್ದು ಆ ಅಂಗಳದಿಂದ. ಮರ ಬಂದದ್ದು, ಗಾಡಿ ಹೋದದ್ದು, ಯಾರು ಬಂದರು, ಯಾರು ಬರಲಿಲ್ಲ ಎಂದು ನೋಡಿಕೊಳ್ಳುವ ಕೆಲಸ ನನ್ನದು.

ಬಿ.ಎ. ಯಾಕೆ ಬೇಕಾಯಿತೆಂದರೆ, ತೋಟದ ದೊರೆಗಳ ಕಾಗದಗಳು ಇಂಗ್ಲಿಷಿನಲ್ಲಿ ಬರುತ್ತಿದ್ದವು. ಅಚ್ಚು ಎಷ್ಟುದ್ದ, ಚಕ್ರ ಎಷ್ಟೆತ್ತರ ಎಂದು ಗೆರೆ ಎಳೆದ ನಕ್ಷೆಗಳೂ ಜೊತೆಗೆ. ಮೊದಲು ಅಂಚೆ ಕಚೇರಿಯ ಮುದುಕರೊಬ್ಬರು ಓದಿ ಹೇಳುತ್ತಿದ್ದರು. ಅವರು ಕೆಲಸ ಮುಗಿಸಿ ತಮ್ಮೂರಿಗೆ ಹೋದ ಮೇಲೆ, ವಕೀಲರ ಮನೆಯ ಬರಹಗಾರನೊಬ್ಬ ಓದಿದ್ದನ್ನು ನಂಬಿ ಆರು ಗಾಡಿ ಮಾಡಿದೆವು. ಅಷ್ಟೂ ಗಾಡಿಗಳು ತೋಟದವರೆಗೆ ಹೋಗಿ, ಅಲ್ಲಿಯ ಕಿರುದಾರಿಯಲ್ಲಿ ಹಿಡಿಸದೆ, ಹೋದ ಹಾಗೇ ವಾಪಸು ಬಂದವು. ಊರ ಬಾಗಿಲಿಗೆ ಅವು ಸಾಲಾಗಿ ಬಂದು ನಿಂತಾಗ ಆಚಾರಿ ಮುಖ ತಿರುಗಿಸಿಕೊಂಡು ಒಳಗೆ ಹೋದ. ಅವತ್ತೇ ಸಾಹೇಬರು, "ಗೌಡ, ನಮ್ಮತ್ರಾನೂ ಒಬ್ರು ಬಿ.ಎ. ಇರ್ಬೇಕು" ಅಂದರು.

ಸಾಹೇಬರಿಗೆ ಕುರಾನು ಓದಲು ಬರುತ್ತಿತ್ತು, ಅದು ಬಿಟ್ಟರೆ ಇನ್ನೊಂದಕ್ಷರ ಬಾರದು. ಅದಕ್ಕೇ ಇರಬೇಕು, ಓದಿದವರೆಂದರೆ ಅವರಿಗೆ ಎಲ್ಲಿಲ್ಲದ ಭಕ್ತಿ. ಮೊದಲನೆಯ ಬಿ.ಎ. ಬರುವ ಮುಂಚೆಯೇ ಗೇಟಿನ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿದರು. ಆಚಾರಿಗೆ ಹೇಳಿ ಬೀಟೆ ಮರದ ಕೈಕುರ್ಚಿ ಮಾಡಿಸಿದರು. ಜನ್ಮವೆಲ್ಲ ಚಕ್ರ ಮಾಡಿದವನು ಕುರ್ಚಿ ಮಾಡಿದರೆ ಹೇಗಿರಬೇಕೋ ಅದು ಹಾಗೇ ಇತ್ತು. ಸರಿಸಬೇಕಾದರೆ ನಾಲ್ಕು ಜನ ಬೇಕು. ಅದಕ್ಕೆ ಬಿ.ಎ. ಕುರ್ಚಿ ಎಂದೇ ಹೆಸರಾಯಿತು. ಬೇರೆ ಯಾರೂ ಅದರಲ್ಲಿ ಕೂರುವ ಹಾಗಿರಲಿಲ್ಲ. ಸಾಹೇಬರಿಗೆ ಎಪ್ಪತ್ತರ ಹತ್ತಿರ ವಯಸ್ಸು, ಎರಡೂ ಮಂಡಿಯಲ್ಲಿ ನೋವು, ಆದರೂ ಅವರು ಕೂರುತ್ತಿದ್ದದ್ದು ಅಂಗಳದ ಒಂದು ಮರದ ದಿಮ್ಮಿಯ ಮೇಲೆ.

ಬಿ.ಎ. ಅಂಗಳಕ್ಕೆ ಕಾಲಿಟ್ಟರೆ ಸಾಹೇಬರು ಮಂಡಿ ಹಿಡಿದುಕೊಂಡು ಎದ್ದು ನಿಲ್ಲುವರು. ಅವರು ಎದ್ದರೆ ನಾವೆಲ್ಲ ಏಳಲೇಬೇಕಲ್ಲ. ಉಳಿ ನಿಲ್ಲುತ್ತಿತ್ತು, ಬಾಚಿ ನಿಲ್ಲುತ್ತಿತ್ತು, ಕುಲುಮೆಯ ತಿದಿ ನಿಲ್ಲುತ್ತಿತ್ತು. ಆ ಇಪ್ಪತ್ತೆರಡು ವರ್ಷದ ಹುಡುಗ ತಲೆ ತಗ್ಗಿಸಿಕೊಂಡು ಕೋಣೆಗೆ ಹೋದ ಮೇಲೆ ಸದ್ದು ಮತ್ತೆ ಶುರು. ಅವನು ಬಂದು, ಇದು ಯಾವ ಮರ ಎಂದು ಕೇಳಿದರೆ ಆಚಾರಿ ಕೈಮುಗಿದು, "ತಮಗ್ಯಾಕೆ ಸ್ವಾಮಿ ಈ ಧೂಳಿನ ಸಾವಾಸ, ಒಳಗೋಗಿ ಕೂತ್ಕಳಿ" ಅನ್ನುತ್ತಿದ್ದ. ನಮಗೆ ಅದು ತಪ್ಪೆಂದು ಹೊಳೆಯಲಿಲ್ಲ. ದೊಡ್ಡವರನ್ನು ನಾವು ನೋಡಿಕೊಂಡದ್ದೇ ಹಾಗೆ.

ಮೊದಲನೆಯವನು ತಿಂಗಳು ತುಂಬುವ ಮೊದಲೇ ಹೊರಟ. ಯಾಕೆ ಎಂದರೆ, ಸೊಳ್ಳೆ ಅಂದ. ನಾವು ಸೊಳ್ಳೆಪರದೆ ತಂದೆವು. ಎರಡನೆಯವನು ಎರಡು ತಿಂಗಳಿದ್ದು, ಬಿಸಿಲು ಅಂದ. ಅವನು ಉಳಿದುಕೊಂಡು ಊಟ ಮಾಡುತ್ತಿದ್ದ ಅಯ್ಯನವರ ಹೋಟೆಲಿನಿಂದ ಕಾರ್ಖಾನೆಗೆ ಜಟಕಾ ಗೊತ್ತುಮಾಡಿದೆವು. ಆ ದೂರ ಎಷ್ಟೆಂದರೆ, ಕುದುರೆಯ ಬಾಲ ಹೋಟೆಲಿನ ಹತ್ತಿರ ಇರುವಾಗಲೇ ಮೂತಿ ನಮ್ಮ ಗೇಟಿಗೆ ಬಂದಿರುತ್ತಿತ್ತು. ಒಬ್ಬೊಬ್ಬರು ಬಿಟ್ಟು ಹೋದಾಗಲೂ ನಾವು ಮರ್ಯಾದೆಯನ್ನು ಇನ್ನೊಂದು ಮೊಳ ಉದ್ದ ಮಾಡುತ್ತಿದ್ದೆವು.

ಮೂರನೆಯವನನ್ನು ನಾನು ಮರೆತಿಲ್ಲ. ಕನ್ನಡಕದ, ಸಣಕಲು, ಮೆದು ಮಾತಿನ ಹುಡುಗ. ಒಂದು ದಿನ ಅಂಗಳದಲ್ಲಿ ಬಿದ್ದಿದ್ದ ಮರದ ಹೊಟ್ಟನ್ನು ಗುಡಿಸೋಣವೆಂದು ಪೊರಕೆ ಹಿಡಿದ. ಆಚಾರಿ ಓಡಿ ಬಂದು ಕೈಯಿಂದ ಕಿತ್ತುಕೊಂಡ. ಆ ಹುಡುಗ ಕೆಂಪಾಗಿ ಕೋಣೆಗೆ ಹೋದವನು ಮತ್ತೆ ಹೊರಗೆ ಬರುವುದನ್ನೇ ಬಿಟ್ಟ. ಮೂರು ತಿಂಗಳಿಗೆ ಪೆಟ್ಟಿಗೆ ಕಟ್ಟಿದ. ಗೇಟಿನಲ್ಲಿ ನಿಂತು ನನ್ನನ್ನು ಕೇಳಿದ:

"ಗೌಡರೇ, ನಾನೇನಾದರೂ ತಪ್ಪು ಮಾಡಿದೆನಾ?"

"ತಮ್ಮಂಥ ದೊಡ್ಡೋರು ತಪ್ಪು ಮಾಡ್ತಾರಾ ಸ್ವಾಮಿ" ಅಂದೆ. ಒಳ್ಳೆಯ ಮಾತಾಡಿದೆನೆಂದೇ ಅಂದುಕೊಂಡೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿ ಬಸ್ಸು ಹತ್ತಿದ.

ಅವನು ಹೋದ ಸಂಜೆ ಸಾಹೇಬರು ದಿಮ್ಮಿಯ ಮೇಲೆ ಕೂತಿದ್ದರು. ತೋಟದ ಕಾಗದಗಳು ಎರಡು ಬಂದು ಮೇಜಿನ ಮೇಲೆ ಒಡೆಯದೆ ಬಿದ್ದಿದ್ದವು.

"ಕಾಗ್ದ ಓದೋರಿಲ್ಲ ಅಂದ್ರೆ ಗಾಡಿ ಯಾರಿಗೆ ಮಾಡೋದು ಗೌಡ? ಇನ್ನೊಂದು ಸಲ ಹೋಗಿ ಬಾ. ಆ ಬರೋನೂ ಹೋದ್ರೆ ಕುಲುಮೆ ಆರಿಸ್ಬುಡಾನ. ಮರ ಮಾರ್ಕಂಡು ಇರಾನ."

ಆಚಾರಿ ಪಕ್ಕದಲ್ಲೇ ನಿಂತಿದ್ದ. ಅವನಿಗೆ ಐವತ್ತೈದು ದಾಟಿತ್ತು. ಚಕ್ರ ಬಿಟ್ಟು ಬೇರೆ ಕೆಲಸ ಅವನಿಗೆ ಗೊತ್ತಿಲ್ಲ. ಬೀಟೆ ಕುರ್ಚಿ ನೋಡಿದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವನು ನನ್ನ ಕಡೆ ನೋಡಿದ, ಅಷ್ಟೆ.

ಆ ಸಲ ಮೈಸೂರಿನಲ್ಲಿ ಮೂರು ದಿನ ನಿಂತೆ. ಮೂರನೆಯ ದಿನ ಮಧ್ಯಾಹ್ನ ಸಾಕಾಗಿ ಗೇಟಿನ ಎದುರಿನ ಮರದ ಬುಡದಲ್ಲಿ ಕೂತು ಅವಲಕ್ಕಿ ಗಂಟು ಬಿಚ್ಚಿದೆ. ಮೊಣಕೈಯಲ್ಲಿ ತೇಪೆ ಹಾಕಿದ ಕೋಟಿನ, ಉದ್ದನೆಯ ಕಪ್ಪು ಹುಡುಗನೊಬ್ಬ ಬಂದು ಪಕ್ಕದಲ್ಲಿ ಕೂತ. ಸಾಲಿಗ್ರಾಮದ ಕಡೆಯ ರೈತರ ಮನೆಯವನು. ಬಿ.ಎ. ಆಗಿ ವರ್ಷವಾಗಿತ್ತು, ಅರ್ಜಿ ಹಾಕಿ ಹಾಕಿ ಸೋತಿದ್ದ, ಗೆಳೆಯನ ಕೋಣೆಯಲ್ಲಿ ಉಳಿದುಕೊಂಡಿದ್ದ.

"ಯಾಕಣ್ಣ, ಮೂರು ದಿನದಿಂದ ನಿಂತೇ ಇದ್ದೀರಲ್ಲ, ಒಬ್ರೂ ಸಿಕ್ನಿಲ್ವಾ?" ಎಂದು ಕೇಳಿ ಅವಲಕ್ಕಿಗೆ ಕೈ ಹಾಕಿದ.

ನಾನು ಕುರ್ಚಿ, ಸೊಳ್ಳೆಪರದೆ, ಜಟಕಾ ಎಲ್ಲ ಹೇಳಿದೆ.

"ಅದಲ್ಲ ಕಣಣ್ಣ. ಕೆಲ್ಸ ಏನು ಅಂತ ಕೇಳ್ದೆ."

"ಕಾಗ್ದ ಓದಿ ಉತ್ತರ ಬರಿಯೋದು."

"ದಿನಕ್ಕೆ ಎಷ್ಟು ಬತ್ತವೆ?"

"ಒಂದು. ಕೆಲವು ದಿನ ಅದೂ ಇಲ್ಲ."

"ಆಮೇಲೆ?"

"ಆಮೇಲೆ ಕೂತಿರೋದು."

ಅವನು ಅವಲಕ್ಕಿ ನೆತ್ತಿಗೇರುವ ಹಾಗೆ ನಕ್ಕ. ಇಷ್ಟು ನಿಜ ಹೇಳುವವರು ಮೈಸೂರಿನಲ್ಲಿ ಸಿಕ್ಕಿರಲಿಲ್ಲವಂತೆ. ಒಂದು ತಿಂಗಳು ನೋಡುತ್ತೇನೆ, ಬೇಸರವಾದರೆ ಹೊರಟುಬಿಡುತ್ತೇನೆ ಅಂದ. ಅಲ್ಲಿಯವರೆಗೆ ನನಗೆ ಅವನು ನಮ್ಮ ಕಡೆಯ ಒಬ್ಬ ಹುಡುಗ. ಬರುತ್ತೇನೆ ಎಂದ ಕೂಡಲೇ ಅವನು ನಮ್ಮ ಬಿ.ಎ. ಆಗಿಬಿಟ್ಟ. ನಾನು ಎದ್ದು ನಿಂತು ಪಂಚೆ ಕೊಡವಿ, "ಬನ್ನಿ ಸ್ವಾಮಿ" ಅಂದೆ. ಬಸ್ಸಿನಲ್ಲಿ ಅವನಿಗೆ ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟೆ. ಬಾ ಅಣ್ಣ, ಜಾಗ ಇದೆ, ಕೂತ್ಕೊ ಎಂದು ಮೂರು ಸಲ ಕರೆದ. ಬಿ.ಎ. ಪಕ್ಕದಲ್ಲಿ ನಾನು ಹೇಗೆ ಕೂರಲಿ? ಹುಣಸೂರಿನವರೆಗೆ ಕಂಬಿ ಹಿಡಿದು ನಿಂತೇ ಬಂದೆ.

ಉಳಿದದ್ದೆಲ್ಲ ಹಿಂದಿನ ಹಾಗೆಯೇ ನಡೆಯಿತು. ಸಾಹೇಬರು ಮಂಡಿ ಹಿಡಿದು ಎದ್ದರು. ಉಳಿ, ಬಾಚಿ, ತಿದಿ ನಿಂತವು. ಹುಡುಗ ಒಂದು ವಾರ ಎಲ್ಲರನ್ನೂ ಮಾತಾಡಿಸಿ ನೋಡಿದ. ಆಚಾರಿ ಕೈಮುಗಿದ, ಕುಲುಮೆಯವರು ಸಲಾಮು ಮಾಡಿದರು. ಅವನದೂ ನನ್ನದೂ ಒಂದೇ ಜಾತಿ, ಮನೆಗೆ ಕರೆದು ನಾಲ್ಕು ತುತ್ತು ಹಾಕಬಹುದಿತ್ತು. ದನದ ಹಟ್ಟಿಯ ಪಕ್ಕದ ನನ್ನ ನಡುಮನೆಯಲ್ಲಿ ಬಿ.ಎ. ಅವರನ್ನು ಕೂರಿಸುವುದೇ ಎಂದು ನಾಚಿಕೆಯಾಗಿ ಅವನಿಗೂ ಹೋಟೆಲೇ ಗೊತ್ತುಮಾಡಿದೆ. ಎರಡನೆಯ ವಾರ ಅವನು ಮಾತು ನಿಲ್ಲಿಸಿದ. ಸಂಜೆ ಮೈಸೂರಿನ ಬಸ್ಸು ಹೋಗುವ ಹೊತ್ತಿಗೆ ಸರಿಯಾಗಿ ಗೇಟಿಗೆ ಬಂದು ನಿಂತು, ಧೂಳು ಅಡಗುವವರೆಗೆ ಅದನ್ನೇ ನೋಡುತ್ತಿದ್ದ. ನಾನು ಹೋಗಿ ಸಾಹೇಬರಿಗೆ ಹೇಳಿದೆ. ಅವರು ಗಡ್ಡ ನೀವಿಕೊಂಡು ಯೋಚಿಸಿ, "ಕುರ್ಚಿ ಗಟ್ಟಿ ಆಯ್ತೇನೋ. ಒಂದು ಮೆತ್ತೆ ಹೊಲಿಸ್ಬುಡು" ಅಂದರು. ನಾನು ಹೊಲಿಸಿದೆ.

ಮೆತ್ತೆ ಬಂದ ಮಾರನೆಯ ದಿನ ಚಕ್ರಗಳಿಗೆ ಕಬ್ಬಿಣದ ಪಟ್ಟಿ ಕಟ್ಟುವ ಕೆಲಸವಿತ್ತು. ನೋಡದವರಿಗೆ ಹೇಳುತ್ತೇನೆ: ಕಬ್ಬಿಣದ ಬಳೆಯನ್ನು ಬೆರಣಿ, ಸೌದೆಯ ಬೆಂಕಿಯಲ್ಲಿ ಕೆಂಪಗೆ ಕಾಯಿಸುತ್ತಾರೆ. ಕಾದರೆ ಅದು ಹಿಗ್ಗುತ್ತದೆ. ನಾಲ್ಕು ಜನ ನಾಲ್ಕು ಇಕ್ಕಳದಲ್ಲಿ ಹಿಡಿದು ಎತ್ತಿ, ನೆಲದ ಮೇಲೆ ಮಲಗಿಸಿದ ಮರದ ಚಕ್ರದ ಸುತ್ತ ಇಳಿಸಿ, ಬಡಿದು ಕೂರಿಸಿ, ನೀರು ಹುಯ್ಯುತ್ತಾರೆ. ತಣ್ಣಗಾಗುತ್ತಾ ಅದು ಕುಗ್ಗಿ ಮರವನ್ನು ಬಿಗಿದು ಹಿಡಿಯುತ್ತದೆ. ಎಲ್ಲವೂ ನಾಲ್ಕೈದು ಉಸಿರಿನಲ್ಲಿ ಮುಗಿಯಬೇಕು, ತಡವಾದರೆ ಮರ ಸುಟ್ಟು ಹೋಗುತ್ತದೆ. ಅವತ್ತು ಕುಲುಮೆಯವರಲ್ಲಿ ಒಬ್ಬನಿಗೆ ಬೆಳಗಿನಿಂದ ಚಳಿಜ್ವರ ಬರುವ ಹಾಗಿತ್ತು. ಆದರೂ ಇಕ್ಕಳ ಹಿಡಿದಿದ್ದ. ಬಳೆ ಮೇಲೆದ್ದ ಮೇಲೆ ಅವನ ಕೈಯಿಂದ ಇಕ್ಕಳ ಜಾರಿತು. ಕೆಂಪು ಬಳೆ ಒಂದು ಕಡೆಗೆ ವಾಲಿತು. ನಾನು ಗೇಟಿನ ಹತ್ತಿರ ಇದ್ದೆ, ಓಡಿದರೂ ತಲುಪುವ ಹಾಗಿರಲಿಲ್ಲ.

ಕೋಣೆಯಿಂದ ಬಿ.ಎ. ಓಡಿ ಬಂದ. ಕೋಟು ಎಲ್ಲಿ ಬಿಸಾಕಿದನೋ ಗೊತ್ತಿಲ್ಲ, ಬಿದ್ದ ಇಕ್ಕಳ ಎತ್ತಿಕೊಂಡು ಬಳೆಗೆ ಹಾಕಿ ಹಿಡಿದ. ಬೇಡ ಸ್ವಾಮಿ ಅನ್ನಲು ಯಾರಿಗೂ ಪುರಸೊತ್ತಿರಲಿಲ್ಲ. ಬಳೆ ಚಕ್ರದ ಮೇಲೆ ಇಳಿಯಿತು, ಮರ ಹೊಗೆಯಾಡಿತು, ಸುತ್ತಿಗೆಗಳು ಬಿದ್ದವು. ಹುಡುಗ ಪಕ್ಕದಲ್ಲಿದ್ದ ಕೊಡ ಎತ್ತಿ, ಇದ್ದಷ್ಟೂ ನೀರನ್ನು ತಾನು ನಿಂತ ಕಡೆಯೇ ಧಬಕ್ಕನೆ ಸುರಿದ.

"ಲೇ ಬೇವಕೂಫ್" ಎಂದು ಸಾಹೇಬರು ದಿಮ್ಮಿಯಿಂದ ಎದ್ದರು. "ಒಂದೇ ಕಡೆ ಉಯ್ದ್ರೆ ಚಕ್ರ ಸೊಟ್ಟ ಆಯ್ತದೆ ಕಣೋ. ಸುತ್ತಾ ಉಯ್ಯಿ, ಸುತ್ತಾ. ಕಾಲೇಜಲ್ಲಿ ಏನು ಕತ್ತೆ ಕಾಯ್ತಿದ್ದಾ?"

ಹುಡುಗ ಇನ್ನೊಂದು ಕೊಡ ಹಿಡಿದು ಚಕ್ರದ ಸುತ್ತ ಓಡಿದ. ಹಬೆ ಎದ್ದು ಯಾರ ಮುಖವೂ ಕಾಣಲಿಲ್ಲ. ಹಬೆ ಇಳಿದಾಗ ಸಾಹೇಬರ ಮುಖ ಸುಣ್ಣವಾಗಿತ್ತು. ತಾವು ಏನಂದೆವು, ಯಾರಿಗೆ ಅಂದೆವು ಎಂಬುದು ಆಗ ತಿಳಿದಿತ್ತು. ಹುಡುಗನ ಮುಖವೆಲ್ಲ ಬೂದಿ. ಅವನು ತಲೆ ತಗ್ಗಿಸಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.

ಸಾಹೇಬರು ಸಂಜೆ ನನ್ನನ್ನು ಮನೆಗೆ ಕರೆಸಿದರು. ಊಟ ಮಾಡಿರಲಿಲ್ಲವಂತೆ.

"ಓದಿದ ಮಗೂಗೆ ಹೊಲಸು ಬಾಯಿ ಮಾಡ್ದೆ ಗೌಡ. ಇನ್ನವ್ರು ಇರಲ್ಲ, ಇರಿ ಅನ್ನೋ ಮುಖಾನೂ ನಂಗಿಲ್ಲ. ಬೆಳಿಗ್ಗೆ ಹೋಗಿ ಶಾಲು ಹೊದ್ಸಿ, ಹಣ್ಣು ಕೊಟ್ಟು, ಮರ್ಯಾದೆಯಾಗಿ ಬಸ್ಸು ಹತ್ಸಿ ಬಾ. ಆಮೇಲೆ ಆಚಾರಿಗೆ ನೀನೇ ಹೇಳ್ಬುಡು. ನನ್ ಕೈಲಿ ಆಗಲ್ಲ."

ಬೆಳಿಗ್ಗೆ ಬಾಳೆಹಣ್ಣಿನ ಚಿಪ್ಪು, ಶಾಲು ಹಿಡಿದುಕೊಂಡು ಹೋಟೆಲಿಗೆ ಹೋದೆ. ಅಯ್ಯನವರು, ಅವರು ಬೆಳಕು ಹರಿಯೋ ಮುಂಚೆ ಪೆಟ್ಟಿಗೆ ಹೊತ್ತುಕೊಂಡು ಹೊರಟರಲ್ಲ ಅಂದರು. ಶಾಲು ಹೊದಿಸಿಕೊಳ್ಳುವವರೆಗೂ ನಿಲ್ಲಲಿಲ್ಲವಲ್ಲ ಅಂದುಕೊಂಡೆ. ಕಾರ್ಖಾನೆಯ ಕಡೆ ಕಾಲೆಳೆದುಕೊಂಡು ಹೋದೆ. ಆಚಾರಿಗೆ ಹೇಗೆ ಹೇಳುವುದು ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿದೆ, ಒಂದೂ ಸರಿಬರಲಿಲ್ಲ. ಗೇಟಿನ ಪಕ್ಕದ ಕೋಣೆ ತೆರೆದಿತ್ತು. ಹುಡುಗನೂ ಇಲ್ಲ, ಕುರ್ಚಿಯೂ ಇಲ್ಲ. ಆ ಕುರ್ಚಿಯನ್ನು ಹೊತ್ತುಕೊಂಡು ಹೋಗುವ ಬಿ.ಎ. ಇನ್ನೂ ಹುಟ್ಟಿಲ್ಲ, ಅದು ಎಲ್ಲಿ ಹೋಯಿತು ಎಂದು ಒಳಗೆ ಅಂಗಳಕ್ಕೆ ಬಂದೆ.

ಕುರ್ಚಿ ಕುಲುಮೆಯ ಎದುರಿಗಿತ್ತು. ಅದರಲ್ಲಿ ಸಾಹೇಬರು, ಬೀಗರ ಮನೆಗೆ ಬಂದವರ ಹಾಗೆ ತುದಿಯಲ್ಲಿ ಕೂತಿದ್ದರು. ಕೆಳಗೆ ಮರದ ಹೊಟ್ಟಿನ ಮೇಲೆ, ಆಚಾರಿಯ ಎದುರಿಗೆ, ಮೊಣಕಾಲಿನ ಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಹುಡುಗ ಕೂತಿದ್ದ. ಕೈಯಲ್ಲಿ ನೆಟ್ಟಗೆ ಹಿಡಿದ, ಚಕ್ರದ ನಡುವಿಗೂ ಅಂಚಿಗೂ ಸಿಕ್ಕಿಸುವ ಮರದ ಅರೆಕಾಲು. ಪೆಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿತ್ತು. ಇನ್ನುಮೇಲೆ ಇಲ್ಲೇ ಮಲಗುತ್ತಾನಂತೆ. ಬೆಳಿಗ್ಗೆಯೇ ಬಂದು ಮೂವರನ್ನು ಸೇರಿಸಿಕೊಂಡು ಕುರ್ಚಿಯನ್ನು ಹೊರಗೆ ತಂದು, ಸಾಹೇಬರ ತೋಳು ಹಿಡಿದು ಕೂರಿಸಿದನಂತೆ.

"ನೀವು ಕೂತ್ಕಂಡು ಬೈರಿ ಸಾಹೇಬ್ರೇ. ನಿಂತ್ಕಂಡು ಬೈದ್ರೆ ಮಂಡಿ ನೋಯ್ತದೆ" ಅಂದನಂತೆ.

ನಾನು ಶಾಲು, ಬಾಳೆಹಣ್ಣು ಹಿಡಿದು ಕಂಬದ ಹಾಗೆ ನಿಂತಿದ್ದೆ. ಹುಡುಗ ನನ್ನನ್ನು ನೋಡಿ ಚಿಪ್ಪಿನಿಂದ ಒಂದು ಹಣ್ಣು ಕಿತ್ತುಕೊಂಡ.

"ನಿನ್ನೆ ಬಾಗ್ಲು ಹಾಕಂಡು ನಕ್ಕೆ ಕಣಣ್ಣ, ಕಣ್ಣಲ್ಲಿ ನೀರು ಬರೋವರ್ಗೂ. ಇಂಟರ್‌ಮೀಡಿಯೆಟ್ ಪರೀಕ್ಷೇಲಿ ಇದನ್ನೇ ಕೇಳಿದ್ರು. ಗಾಡಿ ಪಟ್ಟಿ ಕಾಯ್ಸುದ್ರೆ ಹಿಗ್ತದೆ, ನೀರು ಉಯ್ದ್ರೆ ಕುಗ್ತದೆ ಅಂತ ಚೆನ್ನಾಗಿ ಬರ್ದಿದ್ದೆ. ಸುತ್ತಾ ಉಯ್ಬೇಕು ಅಂತ ಯಾರೂ ಹೇಳ್ಕೊಟ್ಟಿರ್ನಿಲ್ಲ." ಆಮೇಲೆ ದನಿ ತಗ್ಗಿಸಿ, "ಬೈಸ್ಕಳೋವರ್ಗೂ ಇವತ್ತಿನ ಬಸ್ಸಿಗೆ ಹೋಗ್ಬೇಕು ಅಂತಿದ್ದೆ. ಇಲ್ಲಿ ಯಾರ್ಗೂ ನಾನು ಬೇಡ ಅನ್ಕಂಡಿದ್ದೆ" ಅಂದ.

ಗೇಟಿನಲ್ಲಿ ನಿಂತು ಕೇಳಿದ ಆ ಕನ್ನಡಕದ ಹುಡುಗ ನನಗೆ ಆಗ ನೆನಪಾದ. ಸೊಳ್ಳೆಯಲ್ಲ, ಬಿಸಿಲಲ್ಲ. ಹನ್ನೆರಡು ಮನೆಯವರು ಸೇರಿ ಅವರನ್ನು ಕೈಮುಗಿದು ಮುಗಿದು ಹೊರಗೆ ನಿಲ್ಲಿಸಿದ್ದೆವು. ನನಗೆ ನನ್ನ ಮೇಲೆಯೇ ಬಂದಷ್ಟು ಕೋಪ ಹಾಸ್ಟೆಲಿನ ಹುಡುಗರ ಮೇಲೂ ಬಂದಿರಲಿಲ್ಲ.

ಕುಲುಮೆ ಆರಲಿಲ್ಲ. ಹುಡುಗ ಬೆಳಿಗ್ಗೆ ಕಾಗದ ಬರೆದು, ಉಳಿದ ಹೊತ್ತು ಆಚಾರಿಯ ಕೈಕೆಳಗೆ ಬೈಸಿಕೊಳ್ಳುತ್ತಿದ್ದ. ಮರದ ಗುಣ ತಿಳಿದ ಮೇಲೆ ಅವನ ಕಾಗದಗಳ ಧಾಟಿಯೇ ಬೇರೆಯಾಯಿತು. ನಿಮ್ಮ ಇಳಿಜಾರಿಗೆ ಈ ಅಚ್ಚು ನಿಲ್ಲುವುದಿಲ್ಲ, ಹೀಗೆ ಮಾಡಿಕೊಡುತ್ತೇವೆ ಎಂದು ದೊರೆಗಳಿಗೇ ನಕ್ಷೆ ತಿದ್ದಿ ಕಳಿಸುತ್ತಿದ್ದ. ಅವರು ಒಪ್ಪುತ್ತಿದ್ದರು. ರಾತ್ರಿಯೂಟ ನಮ್ಮ ಮನೆಯಲ್ಲಿ. ಮುದ್ದೆ ಗಂಟಾಗಿದ್ದರೆ ನನ್ನ ಹೆಂಡತಿಗೆ ಅದನ್ನೂ ಹೇಳುತ್ತಿದ್ದ.

ಒಂದು ದಿನ ಸಾಹೇಬರು ಕುರ್ಚಿಯಲ್ಲಿ ಕೂತು, "ಮೂರು ಮಕ್ಳನ್ನ ಮರ್ಯಾದೆ ಮಾಡಿ ಮಾಡಿ ಓಡಿಸ್ಬುಟ್ವಲ್ಲ ಗೌಡ" ಅಂದರು. ಮೊದಲಿನ ಇಬ್ಬರು ಎಲ್ಲಿದ್ದಾರೋ ತಿಳಿಯದು. ಮೂರನೆಯವನು ಮೈಸೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಸಾಹೇಬರು ಹೇಳಿದರು, ನಾಲ್ಕನೆಯವನು ಬರೆದ: ಒಂದು ಸಲ ಬಂದು ಹೋಗು.

ಅವನು ಒಂದು ಭಾನುವಾರ ಬಂದ. ಬಿಟ್ಟುಹೋದ ದಿನ ನಿಂತಿದ್ದ ಹಾಗೆಯೇ ಗೇಟಿನಲ್ಲಿ ಕೊಡೆ ಹಿಡಿದು, ಒಳಗೆ ಬರಲೋ ಬೇಡವೋ ಎಂದು ನಿಂತ. ಸಾಹೇಬರ ಎರಡೂ ಕೈ ಕುರ್ಚಿಯ ತೋಳುಗಳನ್ನು ಹಿಡಿದು ಮೈಯನ್ನು ಮೇಲೆತ್ತಿದವು. ಅಷ್ಟು ವರ್ಷದ ಅಭ್ಯಾಸ. ಅರ್ಧ ಎದ್ದವರು ನಿಧಾನವಾಗಿ ಮತ್ತೆ ಕೂತರು.

"ಬಂದ್ಯಾ ಬೇಟಾ? ಎಷ್ಟು ದಿನ ಮಾಡ್ದೆ. ಬಾ, ಆ ದಿಮ್ಮಿ ಮೇಲೆ ಕೂತ್ಕೊ."

ಅವನು ಬಂದು ಸಾಹೇಬರ ಹಳೆಯ ದಿಮ್ಮಿಯ ಮೇಲೆ ಕೂತ. ಸುತ್ತ ಯಾರ ಉಳಿಯೂ ನಿಲ್ಲಲಿಲ್ಲ. ಅವನು ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಮತ್ತೆ ತೆಗೆದು ಒರೆಸಿದ. ನಾನು ಹತ್ತಿರ ಹೋದೆ.

"ಅವತ್ತು ಒಂದು ಮಾತು ಕೇಳಿದ್ರಲ್ಲ, ಅದಕ್ಕೆ ನಾನು ಸರಿಯಾಗಿ ಉತ್ತರ ಹೇಳ್ನಿಲ್ಲ" ಅಂದೆ. "ತಪ್ಪು ನಮ್ದು ಕಣಪ್ಪ."

ಅವನು ಸ್ವಲ್ಪ ಸರಿದು ದಿಮ್ಮಿಯ ಮೇಲೆ ಜಾಗ ಬಿಟ್ಟ. ನಾನು ಪಕ್ಕದಲ್ಲಿ ಕೂತೆ.